ಹುಲಿಗೂ ಹುಳಿಗೂ ನಡುವೆ ಒಂದಕ್ಷರ

ನಂಜನಗೂಡಿಗೆ ಹತ್ತಿರದ ಕಳಲೆ ಗ್ರಾಮದ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಮೂರೇ ಅಕ್ಷರ. ಬಿದಿರಿನ ಎಳೆಯ ಮೊಳಕೆಗೆ ಕಳಲೆ ಎನ್ನುತ್ತಾರೆ. ನಡುವಿನ ಅಕ್ಷರ ತೆಗೆದರೆ ‘ಕಲೆ’ ಉಳಿಯುತ್ತದೆ. ಒಂದನೆಯ ತರಗತಿಯ ಮಗುವಿಗೆ ಇಷ್ಟೇ ಒಂದು ಒಳ್ಳೆಯ ಪದದಾಟ.

ಈ ಊರಿನ ಮನೆತನದವರು ಮೈಸೂರಿನ ದಳವಾಯಿಗಳಾಗಿದ್ದರೆಂಬುದು ನಿಮಗೆ ಗೊತ್ತಿರಬಹುದು. ಆ ಮನೆತನದ ಕಳಲೆ ನಂಜರಾಜ ಆಡಳಿತ ನಡೆಸಿದ್ದಲ್ಲದೆ ‘ಕಕುದ್ಗಿರಿ ಮಾಹಾತ್ಮ್ಯ’ದಂತಹ ಗ್ರಂಥಗಳನ್ನು ಕನ್ನಡದಲ್ಲಿ ಬರೆದ ವಿದ್ವಾಂಸ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಒಬ್ಬ ಯೋಧನ ಶೌರ್ಯವನ್ನು ಗುರುತಿಸಿ ಮೇಲೆ ತಂದವನೂ ಇವನೇ. ಆ ಯೋಧ ಹೈದರ್ ಅಲಿ. ಹೈದರ್ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿ ಮಾತನಾಡುತ್ತಿದ್ದ. ಲೆಕ್ಕಗಳನ್ನು ಮನಸ್ಸಿನಲ್ಲೇ ಮಾಡುತ್ತಿದ್ದ. ಆದರೆ ಯಾವ ಭಾಷೆಯನ್ನೂ ಓದಲು, ಬರೆಯಲು ಬಾರದು. ತನ್ನ ಹೆಸರಿನ ಮೊದಲ ಅಕ್ಷರವೊಂದನ್ನೇ ಕಲಿತಿದ್ದನೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. 1761ರಿಂದ ರಾಜ್ಯವಾಳಿದ ಮಹಾಬುದ್ಧಿವಂತನಿಗೂ ನಾಲಿಗೆಗೆ ಬಂದ ಭಾಷೆ ಕಣ್ಣಿಗೆ ತಾನಾಗಿ ಬರಲಿಲ್ಲ.

ನಮ್ಮ ಎಷ್ಟೋ ಮಕ್ಕಳ ಸ್ಥಿತಿ ಇದೇ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಸಂತೆಯಲ್ಲಿ ಚೌಕಾಸಿ ಮಾಡುವ ಹುಡುಗ ಪಠ್ಯಪುಸ್ತಕದ ಮುಂದೆ ಮೌನಿ.

ಹಿಂದಿನ ಕೂಲಿಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತೀಡಿಸುತ್ತಿದ್ದರು, ಅಮರಕೋಶ ಬಾಯಿಪಾಠ ಮಾಡಿಸುತ್ತಿದ್ದರು. ಮಕ್ತಬ್‌ಗಳಲ್ಲಿಯೂ ಪದಗಳನ್ನು ಪದ್ಯದಲ್ಲಿ ಪೋಣಿಸಿದ ‘ಖಾಲಿಕ್ ಬಾರಿ’ ಎಂಬ ಪುಸ್ತಕವಿತ್ತು. ಅರಬ್ಬಿ, ಫಾರಸಿ ಪದಗಳಿಗೆ ಹಿಂದವಿ ಅರ್ಥ ಹೇಳುತ್ತಾ ಹೋಗುವ ಈ ಪುಸ್ತಕವನ್ನು ಅಮೀರ್ ಖುಸ್ರೋ (1253–1325) ಬರೆದನೆಂಬ ನಂಬಿಕೆಯಿದೆ. ನಂತರದ ಕಾಲದ ಬೇರೊಬ್ಬ ಖುಸ್ರೋನದೆಂದು ವಾದಿಸುವ ಪಂಡಿತರೂ ಇದ್ದಾರೆ. ನನಗೆ ಹೆಚ್ಚು ಪ್ರಿಯವಾದದ್ದು ಖುಸ್ರೋನ ಹೆಸರಿನಲ್ಲಿರುವ ಪಹೇಲಿಗಳು. ಅವುಗಳಲ್ಲಿ ‘ಬೂಝ್ ಪಹೇಲಿ’ ಎಂಬ ಒಂದು ಬಗೆ ಇದೆ. ಅದರಲ್ಲಿ ಉತ್ತರ ಒಗಟಿನ ಮಾತುಗಳೊಳಗೇ ಅಡಗಿರುತ್ತದೆ. ಕೇಳಿದವನು ಪದವನ್ನು ಬಿಡಿಸಿ, ಸೇರಿಸಿ ನೋಡಲೇಬೇಕು. ಬಾಯಿಪಾಠಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲೇ ಇದೆ.

ಪತ್ರಿಕೆಯ ಪದಬಂಧ ಬಹಳ ಈಚಿನದು. ಆರ್ಥರ್ ವಿನ್ ಎಂಬಾತ ರಚಿಸಿದ ಮೊದಲ ಪದಬಂಧ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ 1913ರ ಡಿಸೆಂಬರ್ 21ರಂದು ಪ್ರಕಟವಾಯಿತು. ಇಂಗ್ಲಿಷಿನಲ್ಲಿ ಕಳಲೆಗೆ ಆರು ಮನೆ ಬೇಕು, ಕನ್ನಡದಲ್ಲಿ ಮೂರೇ. ಗುಣಿತಾಕ್ಷರವೂ ಒತ್ತಕ್ಷರವೂ ಒಂದೇ ಮನೆಯಲ್ಲಿ ಕೂರುತ್ತವೆ. ಹೀಗಾಗಿ ಖಾಲಿ ಮನೆ ತುಂಬುವ ಮಗು ‘ಲ’ ಸಾಲದು, ‘ಲೆ’ಯೇ ಬೇಕು ಎಂದು ತಾನೇ ಕಂಡುಕೊಳ್ಳುತ್ತದೆ.

ನಮ್ಮ ಜಿಲ್ಲೆಯೇ ಈ ವಿಷಯದಲ್ಲಿ ನಾಡಿಗೆ ದಾರಿ ತೋರಿಸಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲೆ ಬಳಿಯ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಕಾರ್ಡುಗಳ ಪದ್ಧತಿಯನ್ನು ನೋಡಿ ಬಂದರು. ಯುನಿಸೆಫ್ ನೆರವಿನಿಂದ ಅವರು ರೂಪಿಸಿದ್ದೇ ‘ನಲಿಕಲಿ’. 2009–10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆ ಬಂದಿತು. ಅಲ್ಲಿ ಕಲಿಕೆ ಅ, ಆ, ಇ, ಈ ಎಂದು ಸಾಗುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಬರೆಯಲು ಸುಲಭ ಎನ್ನುವುದಷ್ಟೇ ಅದರ ಲಾಭವಲ್ಲ. ಈ ಐದೇ ಅಕ್ಷರಗಳಿಂದ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲವೂ ಹುಟ್ಟುತ್ತವೆ. ಅರಸನಿಗೂ ಅಗಸನಿಗೂ ನಡುವೆ ಒಂದೇ ಅಕ್ಷರದ ದೂರ! ಐವತ್ತು ಅಕ್ಷರ ಮುಗಿಯುವವರೆಗೆ ಪದಕ್ಕಾಗಿ ಕಾಯಬೇಕಾದ ಮಗು ಇಲ್ಲಿ ಮೊದಲ ವಾರಗಳಲ್ಲೇ ಪದ ಕಟ್ಟುತ್ತದೆ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಉರ್ದು ಲಿಪಿಯಲ್ಲಿ ‘ಳ’ ಇಲ್ಲ. ಆದ್ದರಿಂದ ಉರ್ದು ಮನೆಯ ಮಗುವಿನ ಬಾಯಲ್ಲಿ ಹಳ್ಳಿ ಹಲ್ಲಿಯಾಗುತ್ತದೆ, ಹುಳಿ ಹುಲಿಯಾಗುತ್ತದೆ. ತರಗತಿ ನಗುತ್ತದೆ. ನಕ್ಕಿಸಿಕೊಂಡ ಮಗು ಮರುದಿನ ಬಾಯಿ ತೆರೆಯುವುದಿಲ್ಲ. ಶಾಲೆ ಬಿಡುವ ಮಗು ಎಷ್ಟೋ ಸಲ ಬಿಡಲು ಶುರುಮಾಡುವುದು ಇಲ್ಲಿಂದಲೇ ಎಂದು ನನ್ನ ಭಾವನೆ. ಅದೇ ತಪ್ಪನ್ನು ಒಗಟು ಮಾಡಿ ಎಲ್ಲರ ಮುಂದಿಡಿ: “ಕಾಡಿನಲ್ಲಿದ್ದರೆ ಗರ್ಜನೆ, ಹುಣಸೆಯಲ್ಲಿದ್ದರೆ ರುಚಿ, ಬದಲಾದ ಅಕ್ಷರ ಯಾವುದು?” ಆಗ ಕನ್ನಡ ಮನೆಯ ಮಗುವೂ ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ವಾಕ್ಯ ರಚನೆಯಲ್ಲಿ ಅರ್ಧ ಕೆಲಸ ಸುಲಭ. ಎರಡೂ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ. ಕಷ್ಟವಿರುವುದು ಲಿಂಗದಲ್ಲಿ. ಉರ್ದುವಿನಲ್ಲಿ ಹುಡುಗನಿಗೂ ಹುಲಿಗೂ ‘ಆಯಾ’ ಸಾಕು. ಕನ್ನಡದಲ್ಲಿ ಹುಡುಗ ಬಂದನು, ಹುಲಿ ಬಂದಿತು. ಹುಡುಗಿ, ಹುಲಿ, ಹುಳಿ, ಮಾವು, ಮಾಂಸ, ತಿಂದಳು, ತಿಂದಿತು ಎಂದು ಏಳು ಚೀಟಿ ಬರೆದು ಕಲಸಿ ಕೊಡಿ. “ಹುಡುಗಿ ಹುಲಿ ಮಾವು ತಿಂದಿತು” ಎಂದು ಯಾರಾದರೂ ಜೋಡಿಸಿಯೇ ಜೋಡಿಸುತ್ತಾರೆ. ಆಗ ನೀವು ತಿದ್ದಬೇಡಿ. ಪಕ್ಕದ ಮಗು ಚೀಟಿ ಬದಲಿಸುವವರೆಗೆ ಸ್ವಲ್ಪ ಕಾಯಿರಿ.

ರಜೆಯಲ್ಲಿ ತಮ್ಮ, ತಂಗಿಯರಿಗೆ ಪಾಠ ಹೇಳುವ ವಿದ್ಯಾರ್ಥಿ ಮಿತ್ರರೇ, ಇದಕ್ಕೆ ಹಣ ಬೇಕಿಲ್ಲ. ಮದುವೆಯ ಹಳೆಯ ಆಮಂತ್ರಣ ಪತ್ರಿಕೆಗಳ ಹಿಂಬದಿ ಖಾಲಿಯೇ ಇರುತ್ತದೆ.