ಎರೆಭೂತ: ಎರೆಸೀಮೆಯ ಒಂದು ಹಕ್ಕಿಯ ಹೆಸರು ಮತ್ತು ಚರಿತ್ರೆ

ಪಕ್ಷಿಗಳಿಗೆ ಜನಪದರು ಇಟ್ಟ ಹೆಸರುಗಳನ್ನು ಚರಿತ್ರೆಯ ಆಕರಗಳೆಂದು ಪರಿಗಣಿಸಲು ಸಾಧ್ಯವಿದೆ. ಕಾಗೆ, ಕೋಗಿಲೆ, ಟಿಟ್ಟಿಭಗಳು ತಮ್ಮ ಕೂಗಿನಿಂದಲೇ ಹೆಸರು ಪಡೆದಂತಿವೆ. ಹುಲ್ಲುಗಾವಲಿನ ದೊಡ್ಡ ಹಕ್ಕಿಯೊಂದಕ್ಕೆ ಮಾತ್ರ ಅದು ನಿಂತ ನೆಲವೇ ಹೆಸರಾಗಿದೆ. ಅದುವೇ ಎರೆಭೂತ. ಹೆಬ್ಬಕ, ದೊರವಾಯನ ಹಕ್ಕಿ, ಎರ್ಲಡ್ಡು ಎಂಬವು ಕನ್ನಡದಲ್ಲಿ ಇದಕ್ಕಿರುವ ಇತರ ಹೆಸರುಗಳು.

ಕುಷ್ಟಗಿ, ಯಲಬುರ್ಗಾ ಭಾಗದ ರೈತರು ಭೂಮಿಯನ್ನು ಎರೆ ಮತ್ತು ಮಸಾರಿ ಎಂದು ವಿಂಗಡಿಸುತ್ತಾರೆ. ಎರೆ ಎಂದರೆ ಕಪ್ಪು ಮಣ್ಣು. ಮರಾಠಿಯಲ್ಲಿ ಇದೇ ಹಕ್ಕಿಯನ್ನು 'ಮಾಳಢೋಕ' ಎನ್ನುತ್ತಾರೆ. ಅಲ್ಲಿಯೂ ಬಯಲನ್ನು ಸೂಚಿಸುವ 'ಮಾಳ' ಶಬ್ದವೇ ಮೊದಲು ಬರುತ್ತದೆ. ಹೀಗೆ ದಖನ್ನಿನ ಎರಡು ಭಾಷೆಗಳು ಹಕ್ಕಿಯನ್ನೂ ನೆಲವನ್ನೂ ಒಂದೇ ಪದದಲ್ಲಿ ಕಟ್ಟಿಟ್ಟಿವೆ.

'ಭೂತ' ಎಂಬ ಮಾತಿಗೆ ಹಕ್ಕಿಯ ವರ್ತನೆಯಲ್ಲಿ ಆಧಾರವನ್ನು ಹುಡುಕಬಹುದು. ಸುಮಾರು ಒಂದು ಮೀಟರ್ ಎತ್ತರದ, 15 ಕಿಲೋವರೆಗೆ ತೂಗಬಲ್ಲ ಗಂಡು ಹಕ್ಕಿ ಸಂತಾನಕಾಲದಲ್ಲಿ ಕೊರಳ ಚೀಲವನ್ನು ಉಬ್ಬಿಸಿ, ತೆರೆದ ಬಯಲಿನಲ್ಲಿ ನಿಂತು ಗಂಭೀರವಾಗಿ ಹೂಂಕರಿಸುತ್ತದೆ. ಆ ಧ್ವನಿ ಅರ್ಧ ಕಿಲೋಮೀಟರ್ ದೂರದವರೆಗೂ ಕೇಳಿಸುತ್ತದೆ. ಹೆಣ್ಣು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಟ್ಟು ಒಂಟಿಯಾಗಿ ಕಾವು ಕೊಡುತ್ತದೆ. ಮಿಡತೆ, ಜೀರುಂಡೆ, ಹಲ್ಲಿ, ಕಾಳುಗಳು ಇದರ ಆಹಾರ. ಬಯಲಿನಲ್ಲಿ ದನಿ ಕೇಳಿಸಿ ದೇಹ ಕಾಣದ ಈ ಅನುಭವವೇ ಹೆಸರಿನ ಹಿಂದಿರಬಹುದೆಂದು ಊಹಿಸಬಹುದು.

ಹಕ್ಕಿಯ ಅವನತಿಗೆ ಬೇಟೆ ಮೊದಲ ಕಾರಣ. 1809ರಿಂದ 1829ರ ಅವಧಿಯಲ್ಲಿ ಅಹಮದ್‌ನಗರ ಪ್ರದೇಶದಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಬೇಟೆಗಾರನೊಬ್ಬನೇ 961 ಎರೆಭೂತಗಳನ್ನು ಕೊಂದ ದಾಖಲೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದಕ್ಕೆ ಅತ್ಯುನ್ನತ ರಕ್ಷಣೆ ನೀಡಿತು. ಆದರೆ ಅಷ್ಟರಲ್ಲಿ ನೆಲವೇ ಬದಲಾಗತೊಡಗಿತ್ತು. 1953ರ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಗಂಗಾವತಿಯ ಒಣಬಯಲನ್ನು ಭತ್ತದ ಗದ್ದೆಯಾಗಿಸಿತು. 1974ರಲ್ಲಿ ಕೃಷ್ಣಮೃಗಕ್ಕಾಗಿ ಅಭಯಾರಣ್ಯವಾದ ರಾಣೆಬೆನ್ನೂರು ಈ ಹಕ್ಕಿಗೂ ನೆಲೆಯಾಗಿತ್ತು; ನೀಲಗಿರಿ ನೆಡುತೋಪುಗಳು ಅಲ್ಲಿನ ತೆರೆದ ಹುಲ್ಲುಬಯಲನ್ನು ಕುಗ್ಗಿಸಿದವು. ಗಿಡ ನೆಡುವುದೇ ಸಂರಕ್ಷಣೆ ಎಂಬ ನಂಬಿಕೆ ಬಯಲಿನ ಹಕ್ಕಿಗೆ ಮುಳುವಾಯಿತು. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಪ್ರದೇಶವೊಂದೇ ಕೊನೆಯ ನೆಲೆಯೆಂದು ಗುರುತಿಸಲ್ಪಟ್ಟಿದೆ. 2011ರಲ್ಲಿ ಈ ಪಕ್ಷಿಯನ್ನು ಜಾಗತಿಕ ಕೆಂಪುಪಟ್ಟಿಯ ತೀವ್ರ ಅಪಾಯದ ವರ್ಗಕ್ಕೆ ಸೇರಿಸಲಾಯಿತು.

ಮುಂದಕ್ಕೆ ಸರಿಯಾಗಿ ಕಾಣಲಾರದ ಈ ಭಾರದ ಹಕ್ಕಿ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತಿನ ತಂತಿಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಆದೇಶ ನೀಡಿ, 2024ರಲ್ಲಿ ಅದನ್ನು ಮಾರ್ಪಡಿಸಿ ತಜ್ಞರ ಸಮಿತಿಗೆ ವಹಿಸಿತು. ಬಹುಪಾಲು ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಬಯಲಿನಲ್ಲಿಯೂ ಈಗ ಗಾಳಿಯಂತ್ರಗಳು ಎದ್ದಿವೆ. ಎರೆಭೂತ ಇಲ್ಲದ ಕಡೆಯಲ್ಲಿಯೂ ಗೌಜಲಕ್ಕಿ, ಬುರ್ಲಿ, ಟಿಟ್ಟಿಭಗಳು ಅದೇ ಬರಿನೆಲದಲ್ಲಿ ಮೊಟ್ಟೆಯಿಡುತ್ತವೆ. ಆದ್ದರಿಂದ ದನಕರುಗಳ ಗಾಯರಾಣವನ್ನು ಪಾಳುಭೂಮಿಯೆಂದು ಬಗೆಯುವ ದೃಷ್ಟಿ ಬದಲಾಗಬೇಕಾಗಿದೆ.

ಹಕ್ಕಿ ಮರೆಯಾದ ಮೇಲೆ ಅದರ ಹೆಸರನ್ನು ಆಡುವವರೂ ಕಡಿಮೆಯಾಗುತ್ತಾರೆ. ಹಿರಿಯರ ನಾಲಗೆಯ ಮೇಲಿರುವ ಪಕ್ಷಿನಾಮಗಳನ್ನು ನೆಲ, ಋತು, ಕೂಗುಗಳ ವಿವರಗಳೊಡನೆ ಊರೂರಿನಿಂದ ದಾಖಲಿಸಿದರೆ, ಯಾವ ಬಯಲು ಯಾವ ಹಕ್ಕಿಗೆ ನೆಲೆಯಾಗಿತ್ತೆಂಬುದು ಜೀವಶಾಸ್ತ್ರಜ್ಞರಿಗೂ ತಿಳಿದೀತು. ಜಾನಪದ ಅಧ್ಯಯನವು ಪಕ್ಷಿಸಂರಕ್ಷಣೆಗೆ ಸಲ್ಲಿಸಬಹುದಾದ ನೇರವಾದ ಸೇವೆ ಇದಾಗಿದೆ.