ಗೊತ್ತಿದ್ದೂ ಯಾಕೆ ಮಾಡಲಿಲ್ಲ? ಕೊರೊನಾ ಕಾಲದ ಮನಸ್ಸು

2020ರಲ್ಲಿ ಮಾಸ್ಕ್ ಹಾಕಬೇಕು ಎಂಬುದು ನಮ್ಮ ಎಮ್ಮಿಗನೂರಿನಲ್ಲಿ ಯಾರಿಗೂ ಗೊತ್ತಿಲ್ಲದ ಮಾತಾಗಿರಲಿಲ್ಲ. ಫೋನ್ ಮಾಡಿದರೆ ಮೊದಲು ಕೆಮ್ಮು, ಆಮೇಲೆ ಸೂಚನೆ ಕೇಳಿಸುತ್ತಿತ್ತು. ಆದರೂ ಸಂತೆಯಲ್ಲಿ ಎಷ್ಟೋ ಜನರ ಮಾಸ್ಕ್ ಗದ್ದದ ಕೆಳಗೇ ಇರುತ್ತಿತ್ತು.

ಇದು ಹಳೆಯ ಒಗಟು. 1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಪುಕ್ಕಟೆ ಎಕ್ಸ್‌ರೇ ಇಟ್ಟರೂ ಬಹಳ ಜನ ಬರಲಿಲ್ಲ. ಕಾರಣ ಹುಡುಕಿದ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಮನೋವಿಜ್ಞಾನಿಗಳು ಕಂಡುಕೊಂಡದ್ದು ಇಷ್ಟು: ರೋಗ ನನಗೂ ಬಂದೀತೆ, ಬಂದರೆ ಎಷ್ಟು ಕೆಟ್ಟದ್ದು, ಹೇಳಿದ್ದು ಮಾಡಿದರೆ ಲಾಭವೇನು, ಅಡ್ಡಿಯೇನು ಎಂದು ಮನುಷ್ಯ ಲೆಕ್ಕ ಹಾಕುತ್ತಾನೆ. ನಮ್ಮದು ನೇಕಾರರ ಊರು. ಮಾಚಾನಿ ಸೋಮಪ್ಪನವರು 1938ರಲ್ಲೇ ಇಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ಇಂಥ ಊರಿನಲ್ಲಿ ಅಡ್ಡಿ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಮಗ್ಗ ನಿಂತಿತು, ಕೂಲಿಯೂ ನಿಂತಿತು.

ಕೂಲಿಗಿಂತ ದೊಡ್ಡ ಅಡ್ಡಿ ಮರ್ಯಾದೆಯದು ಎಂದು ನಮಗನ್ನಿಸುತ್ತದೆ. ದೇಶದ ಹಲವು ಕಡೆ ಸೋಂಕಿತರ ಬಾಗಿಲಿಗೆ ಪೋಸ್ಟರ್ ಅಂಟಿಸಿದರು. ಸಮರ್ಥ ಪ್ರಾಧಿಕಾರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಆದೇಶಿಸದ ಹೊರತು ಹಾಗೆ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ಬಾಗಿಲಿಗೆ ಚೀಟಿ ಬೀಳುತ್ತದೆ ಎಂದಾದರೆ ಜ್ವರ ಬಂದವರು ಮಾತ್ರೆ ನುಂಗಿ ಸುಮ್ಮನಾಗುತ್ತಾರೆ.

ಪ್ಲೇಗಿನ ಕಾಲದ ರೂಢಿ ಬೇರೆ. ಇಲಿ ಬಿದ್ದವೆಂದರೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಊರಿಗೆ ಊರೇ ಹೊಲಗಳಿಗೆ ಹೋಗಿ ಗುಡಿಸಲು ಹಾಕುತ್ತಿತ್ತು. ಅದಕ್ಕೆ ಹೊರಬೀಡು ಎಂದು ಹೆಸರು. (ಆಗ ನಮ್ಮ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯದು. 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು.) ಕಷ್ಟವೇನು ಕಡಿಮೆಯಿರಲಿಲ್ಲ. ಆದರೆ ಎಲ್ಲರೂ ಹೋದಾಗ ಯಾವ ಮನೆಯೂ ಬೊಟ್ಟು ಮಾಡಿಸಿಕೊಳ್ಳಲಿಲ್ಲ.

2020ರ ನವೆಂಬರ್ 20ರಿಂದ ಡಿಸೆಂಬರ್ 1ರವರೆಗೆ ತುಂಗಭದ್ರಾ ಪುಷ್ಕರ ಬಂತು. 12 ವರ್ಷಕ್ಕೊಮ್ಮೆ ಬರುವ ಪುಣ್ಯಕಾಲ. ಆಂಧ್ರ ಸರ್ಕಾರ ನದಿಯಲ್ಲಿ ಮುಳುಗುವುದನ್ನು ನಿಷೇಧಿಸಿ, ಘಾಟ್‌ಗಳಲ್ಲಿ ಷವರ್ ಹಾಕಿಸಿತು. ಷವರ್ ಸ್ನಾನದ ಪುಣ್ಯದ ಬಗ್ಗೆ ಹಿರಿಯರು ಏನೇ ಅನ್ನಲಿ, ಬರೀ 'ಬರಬೇಡಿ' ಎನ್ನುವುದಕ್ಕಿಂತ ಇದು ಜಾಣತನ. ಬಿಡು ಎಂದ ಕಡೆ ಬದಲಿಗೆ ಇದನ್ನು ಮಾಡು ಎಂದೂ ಹೇಳಿದಂತಾಯಿತು, ಅದೂ ಎಲ್ಲರಿಗೂ ಒಂದೇ ರೀತಿ.

ಗಡಿಯವರಿಗೆ ಇನ್ನೊಂದು ತೊಡಕು. ರಾಯಚೂರಿನ ಬೀಗರ ಮನೆಗೆ ಹೋಗಲು ಕರ್ನಾಟಕದ ಸೇವಾ ಸಿಂಧು ನೋಂದಣಿ ಬೇಕಿತ್ತು. 2020ರ ಆಗಸ್ಟ್ ಕೊನೆಯಲ್ಲಿ ಅದು ರದ್ದಾಯಿತು. ಮನೆಯ ಟಿವಿಯಲ್ಲಿ ಬೆಂಗಳೂರಿನ ನಿಯಮ ಕನ್ನಡದಲ್ಲಿ, ಬೀದಿಯಲ್ಲಿ ಇಲ್ಲಿನ ನಿಯಮ ತೆಲುಗಿನಲ್ಲಿ. ಎರಡು ನಿಯಮ ಕೇಳಿದವರು ತಮಗೆ ಅನುಕೂಲವಾದದ್ದನ್ನು ಹಿಡಿಯುವುದು ಸಹಜ.

2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾದಾಗಲೂ ಅಷ್ಟೆ. ಲಸಿಕೆಯಲ್ಲಿ ಏನಿದೆ ಎಂದು ಕೇಳಿದ ಅಜ್ಜ ಅಜ್ಜಿಯರು ಕಡಿಮೆ. ಪಕ್ಕದ ಮನೆಯವರು ಹಾಕಿಸಿಕೊಂಡರಾ, ಹಾಕಿಸಿಕೊಂಡ ಮೇಲೆ ಹೇಗಿದ್ದಾರೆ ಎಂದೇ ಅವರು ಕೇಳುತ್ತಿದ್ದುದು.