ಗಾಳಿ ತುಂಬಿದವರು, ಪೆಟ್ರೋಲಿನ ಲೆಕ್ಕ ಹಾಕಿದವರು

ಸೂಪರ್‌ಚಾರ್ಜರ್ ಹಾಕಿಸಲು ಬರುವ ಹುಡುಗರು ಈಗ ಎರಡೇ ಪ್ರಶ್ನೆ ಕೇಳುತ್ತಾರೆ: ಬೂಸ್ಟ್ ಎಷ್ಟು ಕೊಡಬಹುದು, ಇಂಜೆಕ್ಟರ್ ಎಷ್ಟು ಸಿಸಿಯದು ಬೇಕು? ಇಂಜೆಕ್ಟರ್ ದೊಡ್ಡದಿದ್ದಷ್ಟೂ ಎಂಜಿನ್ ಕ್ಷೇಮ ಎಂಬ ನಂಬಿಕೆ ಬೇರೆ. ಈ ವಿದ್ಯೆ ಬೆಳೆದು ಬಂದ ದಾರಿ ಗೊತ್ತಿದ್ದವರು ಹಾಗೆ ಕೇಳುವುದಿಲ್ಲ.

ಹಳೆಯ ಕಾಲದ ಕಥೆ ಚಿಕ್ಕದು. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಬ್ಲೋವರ್, ಅಂದರೆ ಗಾಳಿ ತುಂಬುವ ಯಂತ್ರ, ಕಾರಿಗಾಗಿ ಹುಟ್ಟಿದ್ದೇ ಅಲ್ಲ. 1921ರಲ್ಲಿ ಮರ್ಸಿಡಿಸ್ ಬರ್ಲಿನ್ನಿನಲ್ಲಿ ಸೂಪರ್‌ಚಾರ್ಜ್ ಮಾಡಿದ ಕಾರುಗಳನ್ನು ತೋರಿಸಿತು. 1929ರ ಹೊತ್ತಿಗೆ 'ಬ್ಲೋವರ್' ಬೆಂಟ್ಲಿ ಬಂತು. ಬೆಂಟ್ಲಿಯಲ್ಲಿ ಕಾರ್ಬ್ಯುರೇಟರ್ ಇದ್ದದ್ದು ಬ್ಲೋವರಿಗಿಂತ ಮುಂಚೆ. ಗಾಳಿ ಹೆಚ್ಚು ಎಳೆದಷ್ಟೂ ಪೆಟ್ರೋಲ್ ತಾನಾಗಿ ಹಿಂದೆ ಬರುತ್ತಿತ್ತು. ಜೆಟ್ ಬದಲಿಸಿದರೆ ಟ್ಯೂನಿಂಗ್‌ನ ಬಹುಪಾಲು ಮುಗಿಯಿತು.

ತೊಡಕು ಶುರುವಾದದ್ದು 1967ರಲ್ಲಿ ಬಾಷ್‌ನ ಡಿ-ಜೆಟ್ರಾನಿಕ್ ಬಂದಮೇಲೆ. ಆಮೇಲೆ ಪೆಟ್ರೋಲ್ ಎಷ್ಟು ಎಂಬುದನ್ನು ಗಾಳಿಯ ಸೆಳೆತ ಅಲ್ಲ, ಎಲೆಕ್ಟ್ರಾನಿಕ್ಸ್ ನಿರ್ಧರಿಸತೊಡಗಿತು. 1989ರ ಮಾಜ್ಡಾ ಎಂಎಕ್ಸ್-5ನ್ನೇ ತೆಗೆದುಕೊಳ್ಳಿ. ಅದರ 1.6 ಲೀಟರ್ ಎಂಜಿನ್ ಗಾಳಿಯನ್ನು ಅಳೆಯುವುದು ಒಂದು ತಗಡಿನ ಬಾಗಿಲಿನಿಂದ. ಬೂಸ್ಟ್ ಬಂದಾಗ ಬಾಗಿಲು ಪೂರ್ತಿ ತೆರೆದು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಗಾಳಿ ಬಂದರೂ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಸುದ್ದಿಯಿಲ್ಲ. ಅದೇ ವರ್ಷ ಫೋರ್ಡ್ ತನ್ನ ಥಂಡರ್‌ಬರ್ಡ್ ಸೂಪರ್ ಕೂಪೆಗೆ ಈಟನ್ ಎಂ90 ಕೂರಿಸಿತು, ಆದರೆ ಇಸಿಯುವಿನ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ಬರೆಯಿತು. ಹೊರಗಿನ ಗ್ಯಾರೇಜುಗಳಿಗೆ ಆ ಸವಲತ್ತು ಎಲ್ಲಿಂದ ಬರಬೇಕು? ಅವರು ಹಿಡಿದದ್ದು ಮೋಸದ ದಾರಿ. ಬೂಸ್ಟ್ ಒಂದು ಪಿಎಸ್‌ಐ ಏರಿದರೆ ಪೆಟ್ರೋಲಿನ ಒತ್ತಡವನ್ನು ಹನ್ನೆರಡು ಪಿಎಸ್‌ಐ ಏರಿಸುವ ರೆಗ್ಯುಲೇಟರುಗಳು ಬಂದವು. ಆದರೆ ಇಂಜೆಕ್ಟರಿನ ಹರಿವು ಒತ್ತಡದ ವರ್ಗಮೂಲದಷ್ಟೇ ಹೆಚ್ಚುತ್ತದೆ. ಎರಡರಷ್ಟು ಪೆಟ್ರೋಲ್ ಬೇಕೆಂದರೆ ನಾಲ್ಕರಷ್ಟು ಒತ್ತಡ ಬೇಕು. ಒತ್ತಡ ಏರಿದಂತೆ ಪಂಪಿನ ಹರಿವೇ ಕುಸಿಯುತ್ತದೆ, ಇಂಜೆಕ್ಟರಿನ ಸೂಜಿ ಏಳಲು ಒದ್ದಾಡುತ್ತದೆ. ಪೆಟ್ರೋಲ್ ಸಾಲದೆ ಪಿಸ್ಟನ್ ಕರಗಿದ್ದಕ್ಕೆ ಜನ ಬೈದದ್ದು ಮಾತ್ರ ಬ್ಲೋವರನ್ನು.

ನಮ್ಮ ತಲೆಮಾರಿನ ಭಾಗ್ಯ ಬೇರೆ. 2001ರ ಸುಮಾರಿಗೆ ಬ್ರೂಸ್ ಬೌಲಿಂಗ್, ಆಲ್ ಗ್ರಿಪ್ಪೊ ಇಬ್ಬರೂ ಸೇರಿ 'ಮೆಗಾಸ್ಕ್ವರ್ಟ್' ಎಂಬ ಇಸಿಯುವನ್ನು ನಾವೇ ಬೆಸುಗೆ ಹಾಕಿಕೊಳ್ಳುವಂತೆ ಕೊಟ್ಟರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹುಡುಕಿ ಜೋಡಿಸಿದವರಿಗೆ ಗೊತ್ತು, ಲ್ಯಾಪ್‌ಟಾಪಿನ ಪರದೆಯ ಮೇಲೆ ಎಂಜಿನ್ನಿನ ಹಸಿವು ಮೊದಲ ಸಲ ಕಂಡಾಗ ಹೇಗಿತ್ತೆಂದು. ಅಗ್ಗದ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಸಿಕ್ಕಮೇಲೆ ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಭವಿಷ್ಯ ಹೇಳುವ ಕಾಲ ಮುಗಿಯಿತು.

ಆಗಲೇ ನಮಗೆ ಅರ್ಥವಾದದ್ದು: ಪೂರ್ತಿ ಬೂಸ್ಟಿನ ಲೆಕ್ಕ ಸುಲಭ, ಕಷ್ಟವಿರುವುದು ಐಡ್ಲಿಂಗಿನಲ್ಲಿ. ನಾಲ್ಕು ಸಿಲಿಂಡರಿನಿಂದ 200 ಅಶ್ವಶಕ್ತಿ ಬೇಕು, ಇಂಜೆಕ್ಟರ್ ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂದರೆ ನಿಮಿಷಕ್ಕೆ ಸುಮಾರು 400 ಸಿಸಿಯ ಇಂಜೆಕ್ಟರ್ ಸಾಕು. ಬ್ಲೋವರ್ ತಿರುಗಿಸಲು ಎಂಜಿನ್ನೇ ಕೊಡಬೇಕಾದ ಶಕ್ತಿಯೂ ಇದರಲ್ಲಿ ಸೇರಿದೆ. ಇನ್ನು ಐಡ್ಲಿಂಗ್ ನೋಡಿ. ಕರೆಂಟ್ ಕೊಟ್ಟ ತಕ್ಷಣ ಇಂಜೆಕ್ಟರ್ ತೆರೆಯುವುದಿಲ್ಲ. ಸುಮಾರು ಒಂದು ಮಿಲಿಸೆಕೆಂಡ್ ವ್ಯರ್ಥ. ಇದಕ್ಕೆ ಡೆಡ್ ಟೈಮ್ ಎನ್ನುತ್ತಾರೆ. ಹಳೆಯ ಇಂಜೆಕ್ಟರ್ 1.6 ಮಿಲಿಸೆಕೆಂಡ್ ಪೆಟ್ರೋಲ್ ಬಿಡುತ್ತಿದ್ದ ಕಡೆ ಅದರ ಎರಡರಷ್ಟು ದೊಡ್ಡದು ಬಿಡಬೇಕಾದದ್ದು 0.8 ಮಾತ್ರ. ಎಸಿ ಹಾಕಿದಿರಿ, ಫ್ಯಾನ್ ತಿರುಗಿತು, ವೋಲ್ಟೇಜ್ ಇಳಿಯಿತು, ಡೆಡ್ ಟೈಮ್ 0.2 ಹೆಚ್ಚಿತು. ಇಸಿಯುಗೆ ಅದು ಗೊತ್ತಿಲ್ಲದಿದ್ದರೆ ಪೆಟ್ರೋಲಿನ ಕಾಲು ಭಾಗ ಖೋತಾ. ಎಂಜಿನ್ ಮುಗ್ಗರಿಸುತ್ತದೆ. ಟ್ಯೂನರ್ ಮೇಜಿನ ಮುಂದೆ ಕೂತು ಐಡ್ಲಿಂಗಿಗೆ ಒಂದಿಷ್ಟು ಪೆಟ್ರೋಲ್ ಸುರಿದು ತೇಪೆ ಹಾಕುತ್ತಾನೆ. ಮಾರನೆಯ ಬೆಳಗ್ಗೆ ಬ್ಯಾಟರಿ ಸರಿಯಿದ್ದಾಗ ಕಾರು ಕಪ್ಪು ಹೊಗೆ ಉಗುಳುತ್ತದೆ. ಎಂಜಿನ್ನಿನ ಶಕ್ತಿ ಅಳೆದು ಕೊಡುವ ಡೈನೊ ಚೀಟಿಯಲ್ಲಿ ಇದು ಯಾವುದೂ ಕಾಣುವುದಿಲ್ಲ. ಡೈನೊ ಚೀಟಿಯನ್ನು ಗೋಡೆಗೆ ಅಂಟಿಸುವವರ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ.

ಟೈಮಿಂಗ್ ವಿಚಾರದಲ್ಲೂ ಅಷ್ಟೆ. ಪಿಎಸ್‌ಐಗೊಂದು ಡಿಗ್ರಿ ಹಿಂದಕ್ಕೆ ಎಂಬ ನಾಟಿ ಸೂತ್ರ ಶುರುವಿಗೆ ಸರಿ. ರೂಟ್ಸ್ ಜಾತಿಯ ಬ್ಲೋವರ್ ಗಾಳಿಯನ್ನು ಕಾಯಿಸುವ ಪರಿಗೆ ಬೇಸಿಗೆಯ ಮಧ್ಯಾಹ್ನ ಆ ಸೂತ್ರ ನಿಲ್ಲುವುದಿಲ್ಲ. ಇನ್ನು ನೇರ ಸಿಲಿಂಡರಿಗೇ ಇಂಜೆಕ್ಷನ್ ಇರುವ ಇತ್ತೀಚಿನ ಎಂಜಿನ್ನುಗಳಲ್ಲಿ ಇಂಜೆಕ್ಟರ್ ಬದಲಿಸುವುದೇ ದೊಡ್ಡ ಕೆಲಸ. ಆ ಅಧ್ಯಾಯ ಇನ್ನೂ ನಡೆಯುತ್ತಿದೆ.

ಈ ನಡುವೆ ನಮ್ಮ ಬಂಕುಗಳಿಗೆ ಶೇ. 20 ಎಥನಾಲ್ ಬೆರೆಸಿದ ಇ20 ಬಂತು. ಅದೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ. 7–8 ಹೆಚ್ಚು ಇಂಧನ ಬೇಕು. ಶೇ. 80ಕ್ಕೆ ಲೆಕ್ಕ ಹಾಕಿದ ಇಂಜೆಕ್ಟರ್ 86ಕ್ಕೆ ಹೋಗುತ್ತದೆ. ಸಾಧಾರಣ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಸರಿದೂಗಿಸೀತು. ಪೂರ್ತಿ ಬೂಸ್ಟಿನಲ್ಲಿ ಬಹುತೇಕ ಇಸಿಯುಗಳು ಅದರ ಮಾತು ಕೇಳುವುದಿಲ್ಲ. ಎಥನಾಲಿನ ಆಕ್ಟೇನಿನಿಂದ ಟೈಮಿಂಗಿಗೆ ಸಿಗುವ ಲಾಭವನ್ನೂ ಹಳೆಯ ಮ್ಯಾಪ್ ಬಿಟ್ಟುಕೊಡುತ್ತದೆ. ಜೆ.ಸಿ. ರೋಡಿನಲ್ಲಿ ಮಾರುವ ಇಂಜೆಕ್ಟರಿನ ಡಬ್ಬಿಯ ಮೇಲೆ ಸಿಸಿ ಬರೆದಿರುತ್ತದೆ, ಡೆಡ್ ಟೈಮ್ ಇರುವುದಿಲ್ಲ. ಡೀಸೆಲ್ ಪಂಪ್ ಮಾಡುತ್ತಿದ್ದ ಮೈಕೋ ಆಡುಗೋಡಿಯಲ್ಲಿ ನೆಲೆಸಿದ್ದ ಊರಿದು. ಡೀಸೆಲ್ ಪಂಪ್ ಕ್ಯಾಲಿಬ್ರೇಶನ್ ಮಾಡುವ ಕೈಗಳಿಗೆ ಇಲ್ಲಿ ಬರವಿಲ್ಲ. ಅವರ ಬೆಂಚಿನ ಪಕ್ಕದಲ್ಲೊಂದು ಪೆಟ್ರೋಲ್ ಇಂಜೆಕ್ಟರ್ ಬೆಂಚಿಟ್ಟು 10, 12, 14 ವೋಲ್ಟಿನಲ್ಲಿ ಅಳೆದು ಚೀಟಿ ಕೊಟ್ಟರೆ, ದುಡ್ಡು ಕೊಟ್ಟು ಕೊಳ್ಳುವವರಲ್ಲಿ ನಾನೇ ಮೊದಲು.